ಕೈ ತಲೆಯ ಮೇಲಿಡಿ, ಬಾಣದಕ್ಕ ಬರುತ್ತಾರೆ

ಕುರ್ಚಿ ಬಿಟ್ಟು ಏಳದೆ, ಕೈಯಲ್ಲಿನ ಚಹಾದ ಲೋಟ ಕೆಳಗಿಡದೆ, ಒಂದೇ ಬೆಳಗಿನಲ್ಲಿ ಒಂಬತ್ತು ಲಕ್ಷ ಕೋಳಿಮರಿಗಳನ್ನು ಮೊಟ್ಟೆಯಿಂದ ಹೊರಗೆ ಕರೆತಂದ ಹೆಂಗಸನ್ನು ನೀವು ನೋಡಿದ್ದೀರಾ? ಈ ಲೇಖಕ ನೋಡಿದ್ದಾನೆ. ಪಕ್ಕದಲ್ಲೇ ಕೂತು, ರೆಪ್ಪೆ ಬಡಿಯದೆ ನೋಡಿದ್ದಾನೆ. ಮೊಟ್ಟೆಗಳಿದ್ದದ್ದು ಏಳುನೂರು ಕಿಲೋಮೀಟರ್ ಆಚೆ. ಹೆಂಗಸು ಇದ್ದದ್ದು ದರ್ಜಿಯಂಗಡಿಯ ಮೇಲಿನ ಕೋಣೆಯಲ್ಲಿ. ಜಗತ್ತಿನ ಕೋಳಿಗಳೆಲ್ಲ ಸೇರಿ ಅವರಿಗೊಂದು ಸನ್ಮಾನ ಮಾಡಬೇಕಿತ್ತು. ಮಾಡಿಲ್ಲ, ಏಕೆಂದರೆ ಕೋಳಿಗಳು ಪತ್ರಿಕೆ ಓದುವುದಿಲ್ಲ. ನೀವು ಓದುತ್ತೀರಿ, ಅದಕ್ಕೇ ಹೇಳುತ್ತಿರುವುದು.

ಬೆಳಗಿನ ಐದೂ ನಲವತ್ತು. ದರ್ಜಿಯಂಗಡಿಯ ಪಕ್ಕದ ಕಿರುಮೆಟ್ಟಿಲು ಹತ್ತಿದರೆ ಈ ಕೋಣೆ. ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುತ್ತದೆ. ಕಿಟಕಿಗೆ ಅಂಗಿಬಟ್ಟೆಯ ಉಳಿಕೆ ತುಂಡುಗಳನ್ನು ಜೋಡಿಸಿ ಹೊಲಿದ ಮರೆ. ಅದು ಕೆಳಗಿನ ಅಂಗಡಿಯ ದರ್ಜಿ, ಅಂದರೆ ಇವರ ಗಂಡ, ಹೊಲಿದುಕೊಟ್ಟದ್ದು. ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ತಗಡಿನ ಬುತ್ತಿಡಬ್ಬಿಗಳು. ಅನ್ನ ಹಾಕಿಕೊಂಡು ಹೋಗುವ ಡಬ್ಬಿಗಳೇ, ಆದರೆ ಮುಚ್ಚಳದ ಸಂದಿಯಿಂದ ಇಲಿಯ ಬಾಲದಂತೆ ವೈರುಗಳು ಇಣುಕುತ್ತಿವೆ. ಸುಮಾರು ಒಂದು ಸಾವಿರ ಡಬ್ಬಿ ಇರಬೇಕು. ನಡುವೆ ಒಂದು ಮೇಜು, ಮೇಜಿನ ಮೇಲೊಂದು ಹಳೇ ಫೋನು, ಒಂದು ಸ್ಕ್ರೀನು, ಅದರ ಮುಂದೆ ಐವತ್ತನಾಲ್ಕು ವರ್ಷದ ಬಾಣದಕ್ಕ. ಕನ್ನಡಕದ ಮುರಿದ ಕಾಲಿಗೆ ಗುಂಡಿದಾರ ಸುತ್ತಿಕೊಂಡಿದ್ದಾರೆ.

ಫೋನು ಬಡಿದುಕೊಳ್ಳುತ್ತದೆ. ಅತ್ತಲಿಂದ ಏದುಸಿರು. ಕೋಳಿ ಹ್ಯಾಚರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಮೊಟ್ಟೆ ಕಾಯುತ್ತಿರುವ ಹ್ಯಾಚರಿ ಅಜ್ಜನ ಉಸಿರು ಅದು.

“ಅಕ್ಕಾ, ಎದ್ದಿದೀಯಾ?”

“ನಾನು ಎದ್ದಿರೋ ಹೊತ್ತಿಗೆ ನೀವು ಯಾವತ್ತು ಫೋನ್ ಮಾಡಿದೀರಿ ಅಜ್ಜ? ಹೇಳಿ, ಏನು ಕಾಣ್ತಿದೆ?”

“ಒಳಗೆ ಮರಿಗಳು ಚಿಯ್ ಚಿಯ್ ಅಂತಿವೆ. ಈ ಕಂಪ್ಯೂಟರ್ ಮಾತ್ರ ಮೊಟ್ಟೆ ಇನ್ನೂ ಇಟ್ಟೇ ಇಲ್ಲ ಅಂತ ಹಟ ಹಿಡಿದು ಕೂತಿದೆ!”

ಎಪ್ಪತ್ತು ದಾಟಿದ ಅಜ್ಜ ಐವತ್ತನಾಲ್ಕರ ಹೆಂಗಸನ್ನು ಅಕ್ಕ ಎನ್ನುವುದೇಕೆ ಎಂದು ಕೇಳಬೇಡಿ. ಬಾಣದಕ್ಕನನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಮುಂದಿನ ಮಾತು ಮುಖ್ಯ. ಹ್ಯಾಚರಿಯಲ್ಲಿ ಬೀರುವಿನಂಥ ದೊಡ್ಡ ಕಾವುಪೆಟ್ಟಿಗೆ ಇದೆ. ಅದಕ್ಕೆ ಬಿಸಿ ಎಷ್ಟು ಬೇಕು, ಗಾಳಿ ಎಷ್ಟು ಬೇಕು ಎಂದು ಲೆಕ್ಕ ಹಾಕುವುದು ಒಂದು ಮುದಿ ಕಂಪ್ಯೂಟರ್. ಮೊಟ್ಟೆ ಇಟ್ಟ ತಾರೀಕಿನಿಂದ ದಿನ ಎಣಿಸುತ್ತ ಹೋಗುತ್ತದೆ. ಇಂದು ಇಪ್ಪತ್ತೊಂದನೇ ದಿನ, ಮರಿ ಚಿಪ್ಪು ಒಡೆಯುವ ದಿನ. ಬೆಳಗಿನ ಜಾವ ಒಂದು ಗಂಟೆ ಹೊತ್ತು ಕರೆಂಟು ಹೋಗಿ ಬಂದಿದೆ. ಕಂಪ್ಯೂಟರಿನ ಹೊಟ್ಟೆಯೊಳಗಿನ ಗುಂಡಿಯಷ್ಟಗಲದ ಬ್ಯಾಟರಿ ಸತ್ತಿರುವುದರಿಂದ ಅದಕ್ಕೆ ತಾರೀಕೇ ಮರೆತುಹೋಗಿದೆ. ಎದ್ದು ಕಣ್ಣುಜ್ಜಿಕೊಂಡು ಹದಿನೆಂಟು ವರ್ಷ ಹಿಂದೆ ಹೋಗಿ ಕೂತಿದೆ. ಈ ಮೊಟ್ಟೆ ಇಟ್ಟ ಕೋಳಿಯ ಮುತ್ತಜ್ಜಿಯೂ ಆಗ ಹುಟ್ಟಿರಲಿಲ್ಲ. ಮೊಟ್ಟೆಯೇ ಇಲ್ಲದ ಮೇಲೆ ಕಾವು ಯಾರಿಗೆ? ಹೀಟರ್ ಆರಿಸಿಬಿಟ್ಟಿದೆ. ಕೈಯಿಂದ ಹಾಕುವ ಸ್ವಿಚ್ಚು ಎಂದೋ ಸುಟ್ಟುಹೋಗಿದೆ.

“ಬಾಗಿಲಲ್ಲಿರೋ ಥರ್ಮಾಮೀಟರ್ ಎಷ್ಟು ತೋರಿಸ್ತಿದೆ?”

“ಮೂವತ್ತೇಳೂವರೆ ಇರಬೇಕು. ಮೂವತ್ತೈದಕ್ಕೆ ಬಂದಿದೆ. ಇನ್ನು ಮೂರು ಡಿಗ್ರಿ ಇಳಿದ್ರೆ ಮುಗೀತು. ಧಣಿ ಹೇಳಿಬಿಟ್ಟಿದಾರೆ ಅಕ್ಕ, ಇನ್ನೊಂದು ಸಲ ಮರಿ ಹಾಳಾದ್ರೆ ಈ ಕೋಣೆಗೆ ಬೀಗ ಅಂತ.”

“ಬುತ್ತಿಡಬ್ಬಿ ಇದೆಯಲ್ಲ ಅಲ್ಲಿ? ಹೋದ ವರ್ಷ ಕಳಿಸಿದ್ದು?”

“ಮೊಳೇಲೇ ತೂಗ್ತಿದೆ.”

“ಹಾಕಿ. ದಪ್ಪ ವೈರು ಸ್ಕ್ರೀನಿಗೆ, ಸಣ್ಣದು ಕಂಪ್ಯೂಟರ್ ಹಿಂದೆ. ಹಾಕಿದ್ರಾ? ಹಂಗಾದ್ರೆ ಕೈ ತಲೆ ಮೇಲಿಡಿ. ನಾನು ಬರ್ತೀನಿ.”

ಅಜ್ಜ ಫೋನನ್ನು ಸ್ಪೀಕರಿಗೆ ಹಾಕಿ ಕೈ ತಲೆಯ ಮೇಲಿಡುತ್ತಾರೆ. ಅಲ್ಲಿನ ಸ್ಕ್ರೀನು ಇಲ್ಲಿ, ಬಾಣದಕ್ಕನ ಮೇಜಿನ ಮೇಲೆ, ಇದ್ದ ಹಾಗೇ ಮೂಡುತ್ತದೆ. ಇವರ ಬೆರಳು ಇಲ್ಲಿ ಆಡಿದರೆ ಬಾಣದ ಗುರುತು ಅಲ್ಲಿ ಓಡುತ್ತದೆ; ಬಾಣದಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಮರಿಗಳು ಸದ್ಯಕ್ಕೆ ಚಿಪ್ಪು ಕುಟ್ಟುತ್ತಿರಲಿ. ಈ ಕೈ ತಲೆಯ ಮೇಲಿಡುವ ಸಂಗತಿ ಏನೆಂದು ಮೊದಲು ತಿಳಿಯೋಣ.

ಬಾಣದಕ್ಕನ ಗಿರಾಕಿಗಳು ಎಲ್ಲರ ಮನೆಯಲ್ಲಿರುವ ಕಂಪ್ಯೂಟರುಗಳಲ್ಲ. ಅವರ ಬಾಯಲ್ಲಿ ಅವು “ಒಂಟಿಗಳು”. ಇಂಟರ್ನೆಟ್ಟಿನ ಮುಖ ಕಂಡಿಲ್ಲ, ಇನ್ನೊಂದು ಕಂಪ್ಯೂಟರಿನ ಜೊತೆ ಮಾತಿಲ್ಲ ಕತೆಯಿಲ್ಲ. ಹಿಟ್ಟಿನ ಗಿರಣಿಯಲ್ಲಿ, ನೀರೆತ್ತುವ ಕೇಂದ್ರದಲ್ಲಿ, ಲಾರಿ ತೂಗುವ ಕಟ್ಟೆಯಲ್ಲಿ, ಕೈಮಗ್ಗದ ಪಕ್ಕದ ಯಂತ್ರಮಗ್ಗದಲ್ಲಿ ಒಂದೊಂದು ಯಂತ್ರದ ಕಿವಿ ಹಿಡಿದು ಒಂಟಿಯಾಗಿ ಕೂತಿರುತ್ತವೆ. ಹೊರಗಿನ ಗಾಳಿ ತಾಗದ ಕಾರಣ ಅವುಗಳಿಗೆ ಹೊರಗಿನ ರೋಗವೂ ತಾಗುವುದಿಲ್ಲ. ಆದರೆ ಒಳಗಿನ ರೋಗ ಬಂದರೆ ಹೇಳಿಕೊಳ್ಳಲು ಯಾರೂ ಇಲ್ಲ.

ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬಾಣದಕ್ಕ ಇಂಥ ಕಂಪ್ಯೂಟರುಗಳನ್ನು ಕೂರಿಸಿಕೊಡುವ ಒಂದು ಸಣ್ಣ ಕಂಪನಿಗೆ ಸೇರಿದರು. ದೂರು ಕೇಳುವ ಫೋನಿನ ಮುಂದೆ ಕೂರುವ ಕೆಲಸ. ಹದಿನಾಲ್ಕು ವರ್ಷವಾದ ಮೇಲೆ ಕಂಪನಿ ಬಾಗಿಲು ಹಾಕಿತು. “ಕೊನೇ ದಿನ ಒಬ್ಬರು ಫ್ಯಾನ್ ಹೊತ್ಕೊಂಡು ಹೋದ್ರು, ಒಬ್ಬರು ಬೀರು. ನಾನು ಫೋನ್ ನಂಬರ್ ತಂದೆ,” ಎಂದು ನಗುತ್ತಾರೆ. “ಮಾರನೇ ದಿನ ಮನೇಲಿ ರಿಂಗಾಯ್ತು. ಗಿರಣಿಯವರು. ಕಂಪನಿ ಮುಚ್ಚಿದೆ ಅಂತ ಹೇಳೋಣ ಅಂತ ಬಾಯಿ ತೆಗೆದೆ. ಆ ಮನುಷ್ಯ ಅಳೋ ಹಂಗಿದ್ದ. ‘ಏನು ಕಾಣ್ತಿದೆ ಹೇಳಿ’ ಅಂದೆ. ಅವತ್ತಿಂದ ಅದನ್ನೇ ಕೇಳ್ತಾ ಇದೀನಿ.”

ಆಗ ಡಬ್ಬಿಯಿಲ್ಲ, ಬಾಣವಿಲ್ಲ, ಬರೀ ಬಾಯಿ. ಅತ್ತಲಿನವರು ಕಂಡದ್ದನ್ನು ಹೇಳಬೇಕು, ಇತ್ತಲಿನಿಂದ ಇವರು ದಾರಿ ತೋರಿಸಬೇಕು. “ಬಲಗಡೆ ಮೂಲೇಲಿ ಏನಿದೆ?” ಎಂದು ಇವರು ಕೇಳಿದರೆ ತೂಕದ ಕಟ್ಟೆಯವನು “ಹಲ್ಲಿ” ಎಂದನಂತೆ. “ಸ್ಕ್ರೀನ್ ಒಳಗೆ ಕಣಪ್ಪಾ!” “ಒಳಗಲ್ಲಕ್ಕ, ಮೇಲೇ ಇದೆ.” ಆ ಹಲ್ಲಿ ಓಡಿಸಲು ಹತ್ತು ನಿಮಿಷ, ರಿಪೇರಿಗೆ ಎರಡು ನಿಮಿಷ.

ನೇರ ಹೋಗಿ ಸರಿಮಾಡಬಾರದೇ ಎಂದರೆ, ಅದೊಂದು ಬೇರೆ ಕತೆ. ಬಾಣದಕ್ಕನಿಗೆ ಬಸ್ಸು ಆಗಿಬರುವುದಿಲ್ಲ. ಎರಡನೇ ತಿರುವು ಬರುವುದರೊಳಗೆ ಹೊಟ್ಟೆ ಬಾಯಿಗೆ ಬಂದಿರುತ್ತದೆ. ರೈಲೂ ಅಷ್ಟೆ. ಆಟೋದಲ್ಲಿ ಕಣ್ಣುಮುಚ್ಚಿಕೊಂಡರೆ ಪೇಟೆಯ ಆ ತುದಿಯವರೆಗೆ ಹೋಗಬಲ್ಲರು, ವಾಪಸ್ಸು ನಡೆದೇ ಬರುತ್ತಾರೆ. ರೇಡಿಯೋ ರಿಪೇರಿ ಮಾಡುವ ಅವರ ತಮ್ಮ ಒಂದು ದಿನ ಇದನ್ನೆಲ್ಲ ನೋಡಿ, “ನೀನು ಹೋಗೋದು ಬೇಡ ಬಿಡಕ್ಕ, ನಿನ್ನ ಕಣ್ಣು-ಕೈ ಕಳಿಸೋಣ” ಎಂದನಂತೆ. ಅಕ್ಕ ತಮ್ಮ ಕೂತು ಎರಡು ವರ್ಷ ತಿಣುಕಾಡಿ ಬುತ್ತಿಡಬ್ಬಿಯನ್ನು ಕಟ್ಟಿದರು. ಡಬ್ಬಿ ಸ್ಕ್ರೀನಿನ ಚಿತ್ರವನ್ನು ತನ್ನೊಳಗಿನ ಪುಟ್ಟ ಫೋನಿನಿಂದ ಇಲ್ಲಿಗೆ ಕಳಿಸುತ್ತದೆ; ಇಲ್ಲಿ ಒತ್ತಿದ ಕೀಲಿಯನ್ನು ಅಲ್ಲಿ ಒತ್ತುತ್ತದೆ. ಒಂಟಿ ಕಂಪ್ಯೂಟರಿಗೆ ಇದ್ಯಾವುದೂ ಗೊತ್ತಿಲ್ಲ. ಯಾರೋ ಹೊಸ ಕೀಬೋರ್ಡು ಸಿಕ್ಕಿಸಿದ್ದಾರೆ ಎಂದುಕೊಂಡು ಸುಮ್ಮನಿರುತ್ತದೆ. ದರ್ಜಿ ಹೊಲಿದ ದಪ್ಪಚೀಲದಲ್ಲಿ ಡಬ್ಬಿ ಕೂತು ಬಸ್ಸು ಹತ್ತುತ್ತದೆ, ಕೆಲಸ ಮುಗಿಸಿ ಮರಳುತ್ತದೆ; ಪದೇ ಪದೇ ಕೆಡುವ ಕಡೆ ಅಲ್ಲೇ ಉಳಿಯುತ್ತದೆ. “ನಮ್ಮಮ್ಮ ಹೇಳ್ತಿದ್ರು, ಈ ಸೊಸೆ ಹೊಸ್ತಿಲು ದಾಟದೆ ಊರೆಲ್ಲ ತಿರುಗ್ತಾಳೆ ಅಂತ,” ಎಂದು ದರ್ಜಿ ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ.

ಕೈ ತಲೆಯ ಮೇಲಿಡುವ ನಿಯಮ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಬೀಜದ ಪೊಟ್ಟಣಗಳಿಗೆ ಚೀಟಿ ಮುದ್ರಿಸುವ ಯಂತ್ರ ಹುಚ್ಚೆದ್ದು ಓಡುತ್ತಿತ್ತು. ಬಾಣದಕ್ಕ ಬಾಣವನ್ನು “ನಿಲ್ಲಿಸು” ಎಂಬಲ್ಲಿಗೆ ತಂದರು. ಅಷ್ಟರಲ್ಲಿ ಅಲ್ಲಿನ ಕೆಲಸಗಾರ, ಪಾಪ, ಅಕ್ಕನಿಗೆ ಕಷ್ಟವಾಗುತ್ತಿದೆ ಎಂದುಕೊಂಡು ತನ್ನ ಮೌಸನ್ನೂ ಒಂದಿಷ್ಟು ತಳ್ಳಿದ. ಬಾಣ ಜಾರಿ “ಮತ್ತೆ ಮುದ್ರಿಸು” ಎಂಬುದರ ಮೇಲೆ ಕೂತಿತು, ಇವರ ಬೆರಳು ಅದೇ ಗಳಿಗೆಯಲ್ಲಿ ಒತ್ತಿತು. ಬದನೆಬೀಜದ ಮೂರು ಸಾವಿರ ಚೀಟಿಗಳು ನೆಲದ ಮೇಲೆ ಹರಡಿಕೊಂಡವು. “ಬೈದ್ರೆ ಪ್ರಯೋಜನ ಇಲ್ಲ,” ಎನ್ನುತ್ತಾರೆ ಬಾಣದಕ್ಕ. “ಕೈ ಇರೋದೇ ಸಹಾಯ ಮಾಡೋಕೆ. ಮಡಿಲಲ್ಲಿಟ್ಕೊಳ್ಳಿ ಅಂದ್ರೂ ತಾನಾಗೇ ಹೋಗುತ್ತೆ. ತಲೆ ಮೇಲಿಟ್ರೆ ಮಾತ್ರ ಅಲ್ಲೇ ಇರುತ್ತೆ.”

ಎಲ್ಲರೂ ಇಡುತ್ತಾರೆ. ಗಿರಣಿಯ ಧಣಿ ಇಡುತ್ತಾರೆ, ನೀರಿನ ಕೇಂದ್ರದ ಎಂಜಿನಿಯರು ಇಡುತ್ತಾರೆ. ದಿನಕ್ಕೆ ಐನೂರು ಕರೆ ಬರುತ್ತದೆಂದರೆ, ಈ ಹೊತ್ತು ಎಲ್ಲೆಲ್ಲಿ ಎಷ್ಟು ಜನ ತಲೆಯ ಮೇಲೆ ಕೈಹೊತ್ತು ಕೂತಿದ್ದಾರೋ ಊಹಿಸಿ! ಕೆಲಸ ಮುಗಿದಾಗ ಬಾಣದಕ್ಕ ಬಾಣವನ್ನು ಮೂರು ಸುತ್ತು ಗಿರಗಿರ ತಿರುಗಿಸುತ್ತಾರೆ. ಅದು ಅವರ “ಬರ್ತೀನಿ”. ಅಲ್ಲಿಯವರೆಗೆ ಯಾರೂ ಕೈ ಇಳಿಸುವಂತಿಲ್ಲ. ಇನ್ನೆರಡು ನಿಯಮಗಳಿವೆ. ನಾನು ಬರುವ ಮೊದಲು, ನಾನು ನೋಡಬಾರದ್ದನ್ನು ಮುಚ್ಚಿಡಿ ಎನ್ನುತ್ತಾರೆ. ಮತ್ತೆ, ಬೇರೆಯವರ ಕಂಪ್ಯೂಟರಿನಲ್ಲಿ ಏನನ್ನೂ ಅಳಿಸುವುದಿಲ್ಲ. “ಅವರ ಮನೆ, ಅವರ ಸಾಮಾನು. ನನ್ನ ಕೆಲಸ ದೀಪ ಹಚ್ಚಿ ಬರೋದು.”

ಈಗ ಹ್ಯಾಚರಿಗೆ ಓಡೋಣ, ಗಡಿಯಾರ ಐದೂ ಐವತ್ತೆರಡು ತೋರಿಸುತ್ತಿದೆ.

ತಾರೀಕು ತಿದ್ದಬೇಕಾದರೆ ಕಂಪ್ಯೂಟರನ್ನು ಆರಿಸಿ ಹಚ್ಚಬೇಕು, ಅದು ಕಣ್ಣು ಬಿಡುವ ಮೊದಲ ಎರಡು ಸೆಕೆಂಡಿನಲ್ಲಿ ಒಂದು ಕೀಲಿ ಒತ್ತಿ ಒಳಮನೆಗೆ ನುಗ್ಗಬೇಕು. ಅಜ್ಜ ಆರಿಸಿ ಹಚ್ಚುತ್ತಾರೆ, ಕೈ ಮತ್ತೆ ತಲೆಯ ಮೇಲೆ. ಬಾಣದಕ್ಕ ಮಿಂಚಿನಂತೆ ಒತ್ತುತ್ತಾರೆ. ನೀಲಿ ಪುಟ ತೆರೆಯುತ್ತದೆ! ದಿನ ತಿದ್ದುತ್ತಾರೆ. ತಿಂಗಳು ತಿದ್ದುತ್ತಾರೆ. ವರ್ಷದ ಮೇಲೆ ಬಂದು ನಿಲ್ಲುತ್ತಾರೆ. ನಿಂತದ್ದೇ ತಡ, ವರ್ಷ ತಾನಾಗಿಯೇ ಓಡತೊಡಗುತ್ತದೆ. ಇಪ್ಪತ್ತು, ಮೂವತ್ತು, ನಲವತ್ತು... ಈ ಶತಮಾನ ಇಷ್ಟು ಬೇಗ ಮುಗಿಯುವುದನ್ನು ಯಾರೂ ಕಂಡಿಲ್ಲ.

“ಅಜ್ಜ, ಕೈ!”

“ತಲೆ ಮೇಲಿದೆ ಅಕ್ಕ! ಎರಡೂ!”

“ಮತ್ತೆ ಒತ್ತುತ್ತಿರೋದು ಯಾರು?”

“ಇಲ್ಲಿ ಯಾರೂ ಇಲ್ಲ. ನಾನು, ಮೊಟ್ಟೆ.”

ಎಂಬತ್ತು, ತೊಂಬತ್ತು, ತೊಂಬತ್ತೊಂಬತ್ತು. ಮತ್ತೆ ಮೊದಲಿನಿಂದ. ಬಾಣದಕ್ಕ ಕೀಲಿಮಣೆಯಿಂದ ಕೈ ತೆಗೆದು ಕಣ್ಣು ಮುಚ್ಚಿ ಕೇಳುತ್ತಾರೆ. ಅವರಿಗೆ ಕಾಣುವುದು ಅಲ್ಲಿನ ಸ್ಕ್ರೀನು ಮಾತ್ರ. ಅಜ್ಜನೂ ಕಾಣುವುದಿಲ್ಲ, ಮೊಟ್ಟೆಯೂ ಕಾಣುವುದಿಲ್ಲ. ಉಳಿದದ್ದೆಲ್ಲ ಫೋನಿನ ಸದ್ದು.

“ಅಜ್ಜ, ಚಿಯ್ ಅನ್ನೋದು ಇಷ್ಟು ಹತ್ತಿರ ಯಾಕೆ ಕೇಳ್ತಿದೆ?”

“ಅದಾ? ಒಂದು ಮರಿ ಎಲ್ಲರಿಗಿಂತ ಮೊದಲೇ ಹೊರಗೆ ಬಂತು. ಚಳಿಯಾಗುತ್ತೆ ಅಂತ ನನ್ನ ಉಣ್ಣೆ ಟೋಪೀಲಿ ಹಾಕಿ ಕೈಯಲ್ಲಿ ಹಿಡ್ಕೊಂಡಿದ್ದೆ.”

“ಟೋಪಿ ಈಗೆಲ್ಲಿದೆ?”

“ಕೈ ತಲೆ ಮೇಲಿಡಿ ಅಂದ್ಯಲ್ಲ. ಕೆಳಗಿಟ್ಟೆ.”

“ಕೆಳಗೆ ಅಂದ್ರೆ?”

“ಕೀಬೋರ್ಡ್ ಮೇಲೆ.”

ಕೀಬೋರ್ಡಿನ ಬಲತುದಿಯಲ್ಲಿ ಕೂಡಿಸುವ ಗುರುತಿನ ಕೀಲಿ, ಅದರ ಮೇಲೆ ಟೋಪಿ, ಟೋಪಿಯೊಳಗೆ ಈ ಲೋಕಕ್ಕೆ ಬಂದು ಅರ್ಧ ಗಂಟೆಯಾದ ಒಂದು ಮರಿ. ಅದು ಮಿಸುಕಿದಂತೆಲ್ಲ ವರ್ಷಗಳು ಉರುಳುತ್ತಿವೆ.

“ಎತ್ತಿ ಅಜ್ಜ, ಟೋಪಿ ಎತ್ತಿ!”

“ಕೈ ತೆಗೀಲಾ?”

“ತೆಗೀರಿ ಮಾರಾಯರೇ!”

“ಮೊದ್ಲು ತೆಗೀಬೇಡಿ ಅಂದ್ಯಲ್ಲ...”

“ಈಗ ತೆಗೀರಿ ಅಂತಿದೀನಿ! ಥರ್ಮಾಮೀಟರ್ ಎಷ್ಟು?”

“ಮೂವತ್ತೈದು. ಅಲ್ಲೇ ನಿಂತಿದೆ.”

ಅಲ್ಲೇ ನಿಂತಿದೆ! ಓದುಗರೇ, ಹೀಟರ್ ಆರಿ ಎಷ್ಟೋ ಹೊತ್ತಾಗಿದೆ, ಆದರೂ ಪಾದರಸ ಮೂವತ್ತೈದರಿಂದ ಕೆಳಗಿಳಿಯಲು ಒಪ್ಪುತ್ತಿಲ್ಲ. ಬಾಣದಕ್ಕನ ದನಿಯ ಕಾವು ಫೋನಿನ ತಂತಿಯಲ್ಲಿ ಹರಿದು ಪೆಟ್ಟಿಗೆಗೆ ತಾಗಿತೆಂದಲ್ಲದೆ ಇದಕ್ಕೆ ಬೇರೆ ವಿವರಣೆ ಈ ಲೇಖಕನಿಗೆ ಹೊಳೆಯುತ್ತಿಲ್ಲ. ಟೋಪಿ ಮೇಲೇಳುತ್ತದೆ. ವರ್ಷ ನಿಲ್ಲುತ್ತದೆ. ಬಾಣದಕ್ಕ ನಾಲ್ಕು ಅಂಕಿ ಒತ್ತಿ, ಉಳಿಸಿ, ಹೊರಬರುತ್ತಾರೆ. ಕಂಪ್ಯೂಟರ್ ಮತ್ತೆ ಏಳುತ್ತದೆ, ಕೆಮ್ಮುತ್ತದೆ, ಸ್ಕ್ರೀನಿನ ಮೇಲೆ ಅಕ್ಷರ ಮೂಡುತ್ತದೆ: ಇಪ್ಪತ್ತೊಂದನೇ ದಿನ. ಫೋನಿನಲ್ಲಿ “ಟಕ್” ಎಂದು ಹೀಟರ್ ಹತ್ತಿದ ಸದ್ದು, ಅದರ ಹಿಂದೆಯೇ ಹ್ಯಾಚರಿ ಅಜ್ಜನ ಕೂಗು: “ಹತ್ತಿತು! ಅಕ್ಕಾ, ಹತ್ತಿತು!” ಬಾಣ ಮೂರು ಸುತ್ತು ತಿರುಗುತ್ತದೆ. ಚಹಾ ಇನ್ನೂ ಆರಿಲ್ಲ. ಒಂಬತ್ತು ಲಕ್ಷ ಮರಿಗಳಲ್ಲಿ ಒಂದೇ ಒಂದೂ ಹೋಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಈ ಲೇಖಕನ ಕಂಪ್ಯೂಟರ್ ಕೆಟ್ಟಿತು.

ಅದೂ ಒಂಟಿಯೇ. ತನ್ನ ಬರಹವನ್ನು ಯಾರಾದರೂ ಕದ್ದಾರು ಎಂಬ ಭಯಕ್ಕೆ ಲೇಖಕ ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಇಷ್ಟು ವರ್ಷವಾದರೂ ಯಾರೂ ಕದಿಯಲು ಬಂದಿಲ್ಲ ಎಂಬುದು ಬೇರೆ ಮಾತು. ಈಗ ಅದಕ್ಕೊಂದು ವಿಚಿತ್ರ ಕಾಯಿಲೆ. ನಡುವೆ ಒಂದು ಪದ ಸೇರಿಸಲು ಹೋದರೆ ಮುಂದಿನ ಪದವನ್ನು ನುಂಗುತ್ತಿದೆ. “ಐನೂರು” ಎಂಬುದರ ಹಿಂದೆ “ಕನಿಷ್ಠ” ಎಂದು ಸೇರಿಸಿದರೆ ಐನೂರೇ ಮಾಯ. ಸಂಜೆಯೊಳಗೆ ಲೇಖನ ಪುರವಣಿಗೆ ಹೋಗಬೇಕು. ಅನುಭವಕ್ಕಿರಲಿ ಎಂದು ಬೇಡಿ ತಂದಿದ್ದ ಬುತ್ತಿಡಬ್ಬಿ ಕಪಾಟಿನಲ್ಲಿತ್ತು. ಲೇಖಕ ವೈರು ಸಿಕ್ಕಿಸಿ ಫೋನು ಮಾಡಿದ.

“ಏನು ಕಾಣ್ತಿದೆ ಸರ್?” ಎಂದರು ಬಾಣದಕ್ಕ. “ನಾನು ನೋಡಬಾರದ್ದು ಏನಾದ್ರೂ ಇದ್ರೆ ಮುಚ್ಚಿಬಿಡಿ.”

“ಏನೂ ಇಲ್ಲ, ಬನ್ನಿ ಬನ್ನಿ,” ಎಂದ ಲೇಖಕ, ಠೀವಿಯಿಂದ ಎರಡೂ ಕೈ ತಲೆಯ ಮೇಲೆ ಹೊತ್ತು. ಸ್ಕ್ರೀನಿನ ತುಂಬ ಇದೇ ಲೇಖನವಿತ್ತು.

ಬಾಣ ಬಂತು. ಕೆಳಗಿಳಿಯಿತು. ಒಂದೇ ಒಂದು ಕೀಲಿ ಒತ್ತಿದ್ದು ಕಂಡಿತು. “ನೀವು ಇನ್‌ಸರ್ಟ್ ಅನ್ನೋ ಕೀಲಿ ಒತ್ತಿಬಿಟ್ಟಿದ್ರಿ ಸರ್. ಸರಿಯಾಯ್ತು.” ಆಮೇಲೆ ಮೂರು ಸುತ್ತು ತಿರುಗಬೇಕಿದ್ದ ಬಾಣ ತಿರುಗಲಿಲ್ಲ. ನಿಧಾನವಾಗಿ ಮೇಲೆ ಹತ್ತಿ, “ಒಂಬತ್ತು ಲಕ್ಷ” ಎಂಬುದರ ಮೇಲೆ ಹೋಗಿ ಕೂತಿತು.

“ಬೇರೆಯವರದ್ದು ಓದೋಳಲ್ಲ ನಾನು. ನಂದೇ ವಿಷಯ ಇತ್ತು, ಕಣ್ಣು ಹೋಯ್ತು. ಸರ್, ಆ ಪೆಟ್ಟಿಗೇಲಿ ಹಿಡಿಸೋದೇ ನಾಲ್ಕು ಸಾವಿರದ ಎಂಟುನೂರು ಮೊಟ್ಟೆ.”

“ಅದು... ಸ್ವಲ್ಪ...”

ಬಾಣ ಸರಿದು “ಏಳುನೂರು ಕಿಲೋಮೀಟರ್” ಮೇಲೆ ನಿಂತಿತು. “ಅರವತ್ತೆರಡು.” ಕೆಳಗಿಳಿದು ಸಾವಿರ ಡಬ್ಬಿಗಳನ್ನು ತಟ್ಟಿತು. “ಇಪ್ಪತ್ಮೂರು. ಅದ್ರಲ್ಲಿ ಎರಡು ನಿಜವಾಗ್ಲೂ ಊಟದ್ದು.” ದಿನಕ್ಕೆ ಐನೂರು ಕರೆಯ ಬಳಿ ಒಂದಿಷ್ಟು ಹೊತ್ತು ನಿಂತು ನಕ್ಕಿತೇನೋ. “ಏಳೋ ಎಂಟೋ. ಕೆಲವು ದಿನ ಎರಡೇ.” ಬಳಿಕ ತಟಕ್ಕನೆ ಮೇಲೆ ಹಾರಿ “ಪಕ್ಕದಲ್ಲೇ ಕೂತು” ಎಂಬುದರ ನೆತ್ತಿಗೆ ಬಂತು. ಲೇಖಕನ ಕೈ ಕೆಳಗಿಳಿಯಲು ಹವಣಿಸಿತು.

“ಕೈ ಮೇಲೆ ಸರ್! ನೀವು ಆವತ್ತು ಬಂದಿದ್ದು ಹತ್ತೂಕಾಲಿಗೆ. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ‘ಶುರುವಾಗೋಯ್ತಾ’ ಅಂತ ಕೇಳಿದ್ರಿ. ನಮ್ಮೆಜಮಾನ್ರು ನಿಮಗೆ ಎರಡನೇ ಸಲದ ಚಹಾ ಕೊಟ್ರು.”

ನಿಜ. ಈ ಲೇಖಕ ಆ ಬೆಳಗ್ಗೆ ಅಲಾರಾಂ ಆರಿಸಿ ಮಲಗಿದ್ದ. ಬರೆದದ್ದೆಲ್ಲ ಆಮೇಲೆ ಬಾಣದಕ್ಕನಿಂದಲೂ ಅಜ್ಜನಿಂದಲೂ ಕೇಳಿ ಬರೆದದ್ದು. ಟೋಪಿ, ಮರಿ, ಓಡಿದ ವರ್ಷಗಳು ಮಾತ್ರ ಒಂದಿನಿತೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆಯಾಗಿ ಅದನ್ನೇ ಹೇಳಿದ್ದಾರೆ. ಬಾಣ ಅಲ್ಲಿ ತಡೆಯದೆ ದಾಟಿಹೋಯಿತು. ಕೊನೆಗೆ ನಿಂತದ್ದು “ದನಿಯ ಕಾವು” ಎಂಬಲ್ಲಿ. ಅಲ್ಲಿಂದ ಕದಲಲಿಲ್ಲ.

“ಇದೊಂದನ್ನ ನೀವು ಹೀಗೆ ಬರೀಬಾರದಿತ್ತು,” ಎಂದರು. ದನಿಯಲ್ಲಿ ನಗುವಿರಲಿಲ್ಲ. “ಅಜ್ಜ ನಿಮಗೆ ಹೇಳಿದ್ರಲ್ಲ? ಕರೆಂಟ್ ಹೋದ ಕೂಡ್ಲೇ ಅವರು ಗೋಣಿಚೀಲ, ಕಂಬಳಿ, ತಮ್ಮ ಹಾಸಿಗೆ ಎಲ್ಲ ತಂದು ಆ ಪೆಟ್ಟಿಗೆಗೆ ಹೊದೆಸಿದ್ರು. ಸೌದೆ ಒಲೇಲಿ ನೀರು ಕಾಯಿಸಿ, ಕ್ಯಾನ್‌ಗಳಲ್ಲಿ ತುಂಬಿ ಒಳಗಿಟ್ರು. ಎಪ್ಪತ್ತೊಂದು ವರ್ಷದ ಮನುಷ್ಯ ಹನ್ನೊಂದು ಸಲ ಅಂಗಳ ದಾಟಿದಾರೆ. ನೀವು ಏದುಸಿರು ಅಂತ ಬರೆದಿದೀರಲ್ಲ, ಅದಕ್ಕೆ. ಮೂವತ್ತೈದರಲ್ಲಿ ನಿಲ್ಲಿಸಿದವರು ಅವರು. ನಾನು ತಾರೀಕು ತಿದ್ದಿದೆ, ಅಷ್ಟೆ. ನಾನೊಬ್ಬಳೇ ಆಗಿದ್ರೆ ತಾರೀಕು ಸರಿಯಾಗಿರೋದು, ಮರಿ ಇರ್ತಿರಲಿಲ್ಲ.”

“ಹಾಗಾದರೆ ಮೇಲಿನದನ್ನೆಲ್ಲ ಅಳಿಸಿಬಿಡಿ ಬಾಣದಕ್ಕ,” ಎಂದ ಲೇಖಕ, ತಲೆಯ ಮೇಲಿನ ಕೈಯಲ್ಲೇ ತಲೆ ಕೆರೆದುಕೊಳ್ಳುತ್ತ.

“ನಾನು ಏನನ್ನೂ ಅಳಿಸಲ್ಲ. ನಿಮ್ಮ ಮನೆ, ನಿಮ್ಮ ಸಾಮಾನು. ಕೆಳಗೆ ಜಾಗ ಇದೆಯಲ್ಲ, ನಿಜ ಅಲ್ಲಿ ಬರೀರಿ.”

ಬರೆದದ್ದಾಯಿತು, ನೀವು ಓದಿದ್ದೂ ಆಯಿತು. ಹೀಟರ್ ಹತ್ತಿದ ಮರುದಿನ ಸಂಜೆ ಅಜ್ಜ ಫೋನು ಮಾಡಿದ್ದರಂತೆ. ನಾಲ್ಕು ಸಾವಿರದ ಎಂಟುನೂರರಲ್ಲಿ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಮರಿಗಳು ಚಿಪ್ಪೊಡೆದು ಎದ್ದಿದ್ದವು. ಏನೂ ಕೆಡದ ದಿನವೂ ಅಷ್ಟೇ ಏಳುವುದು. ಕೋಣೆಗೆ ಬೀಗ ಬೀಳಲಿಲ್ಲ. ಲೆಕ್ಕ ತಪ್ಪಬಾರದೆಂದು ಅಜ್ಜ ಎರಡು ಸಲ ಎಣಿಸಿದ್ದರು, ಟೋಪಿಯ ಮರಿಯನ್ನು ಕೊನೆಗೆ ಎಣಿಸಿದ್ದರು.

“ನಿಮಗೇನಾದರೂ ಆಸೆ ಇದೆಯೇ?” ಎಂದು ಲೇಖಕ ಕೇಳಿದ. ಪುರವಣಿಯವರು ಇದನ್ನು ಕೇಳದೆ ಬಿಡುವುದಿಲ್ಲ.

ಬಾಣದಕ್ಕ ಸ್ವಲ್ಪ ಯೋಚಿಸಿದರು. “ಆ ಮರಿಯ ಬಣ್ಣ ಏನು ಅಂತ ಅಜ್ಜನ್ನ ಕೇಳೋದು ಮರೆತೆ. ಮುಂದಿನ ಸಲ ಕೇಳಬೇಕು.”

ಬಾಣ ಮೂರು ಸುತ್ತು ತಿರುಗಿತು. “ಕೈ ಇಳಿಸಿ ಸರ್. ಈಗ ಎಷ್ಟು ಬೇಕಾದ್ರೂ ಸೇರಿಸಿ, ಏನನ್ನೂ ನುಂಗಲ್ಲ.”

ಲೇಖಕ ಕೈ ಇಳಿಸಿ, ಕೀಲಿಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತ. ಸೇರಿಸುವಂಥದ್ದೇನೂ ಉಳಿದಿರಲಿಲ್ಲ.